ಮಾರುತ ವಿಮಾನದ ಪ್ರತಿಕೃತಿ

೧

ನವರಾತ್ರಿಯಲ್ಲಿ ಗೊಂಬೆಗಳನ್ನು ಕೂರಿಸುವ ಪದ್ಧತಿ ಮೈಸೂರು ಸೀಮೆಯ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವುದು ವಾಚಕರಿಗೆ ವಿದಿತವೇ ಆಗಿದೆ. ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಲ್ಲಿ ಆಸೀನವಾಗಿದ್ದರೆ, ಕೆಳಗೆ ನೆಲದ ಮೇಲೆ ಮಕ್ಕಳು ರಾಗಿಯ ಪೈರನ್ನು ಬೆಳೆಸಿ, ಮರಳನ್ನು ಹರಡಿ, ಒಂದು ಊರನ್ನೋ ಉದ್ಯಾನವನ್ನೋ ರಚಿಸುವರು. ಅಲ್ಲಿ ಆನೆಗಿಂತ ಗಿಳಿ ದೊಡ್ಡದಾಗಿರಬಹುದು. ಸೆಟ್ಟಿಯ ಅಂಗಡಿಗಿಂತ ಸೆಟ್ಟಿಯೇ ಎತ್ತರವಾಗಿರಬಹುದು. ಅದನ್ನು ಯಾರೂ ಆಕ್ಷೇಪಿಸುವುದಿಲ್ಲ, ಅದು ಆಟ.

ಎರಡು ವರುಷಗಳ ಹಿಂದೆ ನಮ್ಮ ಮನೆಯ ಗೊಂಬೆಗಳ ನಡುವೆ ನಾನೊಂದು ಹೊಸ ವಸ್ತುವನ್ನು ಇರಿಸಿದೆನು. ಅದು ಬೆಂಗಳೂರಿನಲ್ಲಿ ನಿರ್ಮಿತವಾದ ಎಚ್‌.ಎಫ್‌.-೨೪ 'ಮಾರುತ' ಎಂಬ ಯುದ್ಧವಿಮಾನದ ಪ್ರತಿಕೃತಿ; ಒಂದು ಗೇಣುದ್ದದ್ದು. ರಾಳದಲ್ಲಿ ಎರಕ ಹೊಯ್ದ ಬಿಡಿಭಾಗಗಳನ್ನು ತರಿಸಿ, ಮೂರು ತಿಂಗಳ ಸಂಜೆಗಳನ್ನು ವ್ಯಯಮಾಡಿ ಅದನ್ನು ಕಟ್ಟಿದ್ದೆನು. ಹಸುರು ಬಣ್ಣದ ಮರೆವೇಷವನ್ನು ತೊಡಿಸಿ, ಕೆಳಗೆ ಬಿಳಿಯ ಹಲಗೆಯ ಮೇಲೆ 'ಪ್ರಥಮ ಹಾರಾಟ, ೧೯೬೧' ಎಂದು ಅಂದವಾಗಿ ಬರೆದಿದ್ದೆನು. ನೋಡಬಂದವರೆಲ್ಲರೂ ಮೆಚ್ಚಿದರು. ವಿಜಯದಶಮಿಯ ಹಿಂದಿನ ದಿನ ನೆರೆಯ ಬೀದಿಯ ಹಿರಿಯರೊಬ್ಬರು ಬಂದರು. ಎಂಬತ್ತು ದಾಟಿದ ವಯಸ್ಸು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರಾಗಿ ದುಡಿದು ವಿಶ್ರಾಂತರಾದವರು. ಕನ್ನಡಕವನ್ನು ಏರಿಸಿಕೊಂಡು ಬಹಳ ಹೊತ್ತು ನೋಡಿ, "ಚೆನ್ನಾಗಿ ಕೂಡಿಸಿದ್ದೀರಿ ಸ್ವಾಮಿ. ಆದರೆ ಈ ಹಸುರು ಬಣ್ಣ ಯಾವ ವರುಷದ್ದು? ಮೊದಲ ದಿನ ಹಾರಿದಾಗ ಇದಿರಲಿಲ್ಲವಲ್ಲ!" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಚಿತ್ರವೊಂದರಲ್ಲಿ ಕಂಡ ಬಣ್ಣವನ್ನು ಹಚ್ಚಿದ್ದೆನು. ಪುಸ್ತಕವೊಂದರಲ್ಲಿ ಓದಿದ ವರುಷವನ್ನು ಬರೆದಿದ್ದೆನು. ಇವೆರಡೂ ಒಂದೇ ದಿನಕ್ಕೆ ಸೇರಿದುವೆ ಎಂದು ವಿಚಾರಿಸಿರಲಿಲ್ಲ. ಕಾವ್ಯದಲ್ಲಿ ಕಾಲವಿರೋಧವೆಂಬ ದೋಷವನ್ನು ಎತ್ತಿ ತೋರಿಸಲು ನಾವು ಸದಾ ಸಿದ್ಧರಾಗಿರುವೆವು. ಅದೇ ದೋಷ ನನ್ನ ಕೈಯಿಂದಲೇ ಆಗಿತ್ತು. ಆ ಹಿರಿಯರ ಒಂದು ಪ್ರಶ್ನೆಗೆ ಸಮಾಧಾನವನ್ನು ಹುಡುಕಹೊರಟುದರ ಫಲವೇ ಈ ಲೇಖನ.

೨

ಒಂದು ಘಟನೆಯನ್ನು ಕಿರಿದಾದ ಪ್ರಮಾಣದಲ್ಲಿ, ನೆಲ ಮನುಷ್ಯ ಯಂತ್ರಗಳೊಡನೆ ಕಣ್ಣಿಗೆ ಕಾಣುವಂತೆ ರಚಿಸುವುದಕ್ಕೆ ಈಗ 'ಡಯೋರಮ' ಎಂಬ ಹೆಸರು ರೂಢಿಯಲ್ಲಿದೆ. ಈ ಶಬ್ದವು ಮೊದಲು ಬೇರೊಂದು ವಸ್ತುವಿಗೆ ಸಂದುದು. ೧೮೨೨ರಲ್ಲಿ ಪ್ಯಾರಿಸ್ ನಗರದಲ್ಲಿ ಡಗೇರ್ ಮತ್ತು ಬೂಟನ್ ಎಂಬ ಇಬ್ಬರು ಚಿತ್ರಕಾರರು ದೊಡ್ಡ ಬಟ್ಟೆಯ ಮೇಲೆ ದೃಶ್ಯಗಳನ್ನು ಬರೆದು, ಅವುಗಳ ಹಿಂದೆಯೂ ಮುಂದೆಯೂ ಬೆಳಕನ್ನು ಬದಲಿಸುತ್ತ, ಹಗಲು ಇರುಳಾಗುವಂತೆ ತೋರಿಸುತ್ತಿದ್ದರು. ಆ ಪ್ರದರ್ಶನದ ಹೆಸರು ಡಯೋರಮ. ಕಾಲಕ್ರಮದಲ್ಲಿ ಬಟ್ಟೆಯ ಚಿತ್ರ ಹೋಗಿ ಗೊಂಬೆಗಳ ದೃಶ್ಯಕ್ಕೆ ಆ ಹೆಸರು ನಿಂತಿತು. ಛಾಯಾಚಿತ್ರಕಲೆಯ ಮೂಲಪುರುಷರಲ್ಲಿ ಒಬ್ಬನೆಂದು ಪ್ರಸಿದ್ಧನಾದ ಡಗೇರನೇ ಈತನು.

ಕಿರಿಯ ಪ್ರತಿಕೃತಿಗೂ ಚರಿತ್ರೆಗೂ ಇರುವ ಸಂಬಂಧ ಎಷ್ಟು ತೀವ್ರವಾದುದೆಂಬುದಕ್ಕೆ ಇಂಗ್ಲೆಂಡಿನ ವಿಲಿಯಂ ಸೈಬೋರ್ನನ ವೃತ್ತಾಂತಕ್ಕಿಂತ ಉತ್ತಮವಾದ ನಿದರ್ಶನ ದೊರೆಯದು. ಈತನು ಸೈನ್ಯಾಧಿಕಾರಿ. ೧೮೧೫ರ ವಾಟರ್ಲೂ ಕದನದ ಪ್ರತಿಕೃತಿಯನ್ನು ರಚಿಸುವ ಕಾರ್ಯ ೧೮೩೦ರಲ್ಲಿ ಈತನ ಪಾಲಿಗೆ ಬಂದಿತು. ಆತನು ಕದನ ನಡೆದ ಸ್ಥಳದಲ್ಲಿಯೇ ಎಂಟು ತಿಂಗಳು ತಂಗಿದ್ದು ಹೊಲ ದಿಣ್ಣೆ ಬೇಲಿಗಳನ್ನು ಅಳೆದನು. ಬಳಿಕ ಆ ಯುದ್ಧದಲ್ಲಿ ಹೋರಾಡಿ ಬದುಕುಳಿದ ಅಧಿಕಾರಿಗಳಿಗೆ ಪತ್ರಗಳನ್ನು ಬರೆದು, ಸಂಜೆ ಏಳು ಗಂಟೆಯ ಸುಮಾರಿಗೆ ನಿಮ್ಮ ದಳ ಎಲ್ಲಿದ್ದಿತು, ಎದುರಿಗೆ ಶತ್ರುವಿನ ಯಾವ ಪಡೆ ಇದ್ದಿತು, ಹೊಲದಲ್ಲಿ ಯಾವ ಬೆಳೆ ಇದ್ದಿತು ಎಂದು ಕೇಳಿದನು. ಗೊಂಬೆಯನ್ನು ನಿಲ್ಲಿಸಬೇಕಾದವನಿಗೆ ಇವೆಲ್ಲ ಬೇಕು. ಗ್ರಂಥಕಾರನು 'ದಳವು ಮುಂದುವರಿಯಿತು' ಎಂದು ಬರೆದು ದಾಟಿಹೋಗಬಹುದು. ಪ್ರತಿಕೃತಿಕಾರನು ಒಂದು ಗೊಂಬೆಯನ್ನು ಒಂದು ಸ್ಥಳದಲ್ಲಿ ಅಂಟಿಸಿಯೇ ತೀರಬೇಕು.

೧೮೩೩ರಲ್ಲಿ ಸರ್ಕಾರವು ದ್ರವ್ಯಸಹಾಯವನ್ನು ನಿಲ್ಲಿಸಿತು. ಸೈಬೋರ್ನನು ಸಾಲಮಾಡಿ ಕೆಲಸವನ್ನು ಪೂರೈಸಿದನು. ೧೮೩೮ರಲ್ಲಿ ಲಂಡನ್ನಿನಲ್ಲಿ ಅದು ಪ್ರದರ್ಶಿತವಾದಾಗ ಸುಮಾರು ಎಪ್ಪತ್ತೈದು ಸಾವಿರ ಲೋಹದ ಪುಟ್ಟ ಗೊಂಬೆಗಳು ಅದರಲ್ಲಿದ್ದುವು. ಆದರೆ ವಿವಾದ ಮೊದಲೇ ಹುಟ್ಟಿತ್ತು. ಪ್ರಷ್ಯದ ಸೈನ್ಯವು ಆ ಗಳಿಗೆಯಲ್ಲಿ ಎಷ್ಟು ಸಮೀಪಕ್ಕೆ ಬಂದಿದ್ದಿತೆಂಬುದೇ ವಿವಾದದ ವಿಷಯ. ಜಯದ ಕೀರ್ತಿಯಲ್ಲಿ ಯಾರ ಪಾಲೆಷ್ಟೆಂಬ ಪ್ರಶ್ನೆ ಅದರೊಳಗೆ ಅಡಗಿದ್ದಿತು. ವೆಲಿಂಗ್ಟನ್ ಪ್ರಭುವಿಗೆ ಆ ಚಿತ್ರಣವು ಸಮ್ಮತವಾಗಲಿಲ್ಲ. ಕಡೆಗೆ ಸೈಬೋರ್ನನು ಪ್ರಷ್ಯನರ ಗೊಂಬೆಗಳಲ್ಲಿ ಒಂದು ಭಾಗವನ್ನು ತೆಗೆಯಬೇಕಾಯಿತು. ಗೊಂಬೆಗಳನ್ನು ಸರಿಸುವುದೆಂದರೆ ಚರಿತ್ರೆಯನ್ನೇ ತಿದ್ದುವುದೆಂದು ಅಂದಿನವರೆಲ್ಲರೂ ಬಲ್ಲವರಾಗಿದ್ದರು. ಪತ್ರಗಳಿಂದ ಸಂಗ್ರಹಿಸಿದ ವಿಷಯಗಳ ಆಧಾರದಿಂದ ಆತನು ೧೮೪೪ರಲ್ಲಿ ಆ ಯುದ್ಧದ ಇತಿಹಾಸವನ್ನೂ ಪ್ರಕಟಿಸಿ, ೧೮೪೯ರಲ್ಲಿ ತೀರಿಕೊಂಡನು. ಆತನ ದೊಡ್ಡ ಪ್ರತಿಕೃತಿ ಲಂಡನ್ನಿನ ರಾಷ್ಟ್ರೀಯ ಸೈನ್ಯ ವಸ್ತುಸಂಗ್ರಹಾಲಯದ ಸ್ವತ್ತಾಗಿದೆ.

೩

ವಿಮಾನಗಳ ಪ್ರತಿಕೃತಿಗಳಿಗೆ ಬರೋಣ. ಇವುಗಳಲ್ಲಿ ಬಹುಪ್ರಚಾರವಾದ ಪ್ರಮಾಣ ಎಪ್ಪತ್ತೆರಡಕ್ಕೆ ಒಂದು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂದಿತೆಂದು ಕೇಳುವವರುಂಟು. ಆರು ಅಡಿಗೆ ಎಪ್ಪತ್ತೆರಡು ಅಂಗುಲ. ಆದುದರಿಂದ ಈ ಪ್ರಮಾಣದಲ್ಲಿ ಆರಡಿಯ ಆಳು ಒಂದು ಅಂಗುಲವಾಗುವನು. ಲೆಕ್ಕ ಅಷ್ಟೇ ಸರಳ. ಇಂಗ್ಲೆಂಡಿನಲ್ಲಿ ೧೯೩೨ರಲ್ಲಿ ಜೇಮ್ಸ್ ಹೇ ಸ್ಟೀವನ್ಸ್ ಎಂಬಾತನು ರೂಪಿಸಿದ 'ಸ್ಕೈಬರ್ಡ್ಸ್' ಎಂಬ ಮರದ ವಿಮಾನಗಳಿಂದ ಈ ಪ್ರಮಾಣವು ನೆಲೆಗೊಂಡಿತು. ೧೯೩೬ರಲ್ಲಿ 'ಫ್ರಾಗ್ ಪೆಂಗ್ವಿನ್' ಎಂಬ ಹೆಸರಿನಿಂದ ಪ್ಲಾಸ್ಟಿಕ್ಕಿನ ಭಾಗಗಳೂ ಬಂದುವು.

ಎರಡನೆಯ ಮಹಾಯುದ್ಧ ಬಂದಾಗ ಈ ಆಟಿಕೆಗಳಿಗೆ ಭೀಕರವಾದ ಒಂದು ಉಪಯೋಗ ಉಂಟಾಯಿತು. ಆಕಾಶದಲ್ಲಿ ಕಾಣುವ ವಿಮಾನ ನಮ್ಮದೋ ಶತ್ರುವಿನದೋ ಎಂದು ಕ್ಷಣಮಾತ್ರದಲ್ಲಿ ಗುರುತಿಸದಿದ್ದರೆ ಅನರ್ಥ. ಅದಕ್ಕಾಗಿ ೧೯೪೨ರಲ್ಲಿ ಅಮೆರಿಕದ ನೌಕಾಪಡೆಯು ದೇಶದ ಶಾಲಾಬಾಲಕರಿಗೆ ಐದು ಲಕ್ಷ ಮರದ ವಿಮಾನಗಳನ್ನು ಕೆತ್ತಿಕೊಡುವಂತೆ ಕರೆಯಿತ್ತಿತು. ಅವೂ ಎಪ್ಪತ್ತೆರಡಕ್ಕೆ ಒಂದು ಪ್ರಮಾಣದವು. ಬಣ್ಣ ಮಾತ್ರ ಶುದ್ಧ ಕಪ್ಪು, ಏಕೆಂದರೆ ಬೇಕಾದುದು ನೆರಳಿನ ಆಕಾರವಷ್ಟೆ. ಬಾಲಕನ ಕತ್ತಿ ಒಂದು ಕೂದಲೆಳೆ ತಪ್ಪಿದರೆ ಎಲ್ಲಿಯೋ ಒಬ್ಬ ಸೈನಿಕನ ಕಣ್ಣು ತಪ್ಪುವ ಸಂಭವವಿದ್ದಿತು. ಯುದ್ಧಾನಂತರ, ೧೯೫೩ರಲ್ಲಿ, ಏರ್‌ಫಿಕ್ಸ್ ಸಂಸ್ಥೆಯವರು ಸ್ಪಿಟ್‌ಫೈರ್ ವಿಮಾನದ ಭಾಗಗಳನ್ನು ಅದೇ ಪ್ರಮಾಣದಲ್ಲಿ ಅಗ್ಗದ ಬೆಲೆಗೆ ಹೊರತಂದ ಮೇಲೆ ಈ ಕೈಗೆಲಸವು ಮನೆಮನೆಗೂ ಹರಡಿತು.

೪

ನಮ್ಮ ಮಾರುತದ ಚರಿತ್ರೆಯೂ ಒಂದು ಪ್ರತಿಕೃತಿಯಿಂದಲೇ ಮೊದಲಾಯಿತೆಂಬುದು ಸ್ವಾರಸ್ಯವಾದ ಸಂಗತಿ.

ಬೆಂಗಳೂರಿನ ವಿಮಾನ ಕಾರ್ಖಾನೆ ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸಂಸ್ಥಾನದ ನೆರವಿನಿಂದಲೂ ಸ್ಥಾಪಿತವಾದುದು. ೧೯೫೧ರಲ್ಲಿ ಅಲ್ಲಿಯೇ ರೂಪಿತವಾದ ಎಚ್‌.ಟಿ.-೨ ಎಂಬ ತರಬೇತಿ ವಿಮಾನವು ಹಾರಿತು. ಅಲ್ಲಿಂದ ಶಬ್ದಕ್ಕಿಂತ ಇಮ್ಮಡಿ ವೇಗದ ಯುದ್ಧವಿಮಾನಕ್ಕೆ ಒಂದೇ ನೆಗೆತದಲ್ಲಿ ಹಾರುವುದು ಧೈರ್ಯದ ಮಾತೇ ಸರಿ. ಜರ್ಮನಿಯಲ್ಲಿ ಫೊಕೆ-ವುಲ್ಫ್ ೧೯೦ ವಿಮಾನವನ್ನು ರೂಪಿಸಿದ್ದ ಕುರ್ಟ್ ಟಾಂಕ್ ಎಂಬ ಶಿಲ್ಪಿ, ಯುದ್ಧಾನಂತರ ಅರ್ಜೆಂಟೀನದಲ್ಲಿ ಕೆಲವು ವರುಷ ಕೆಲಸಮಾಡಿ, ೧೯೫೬ರಲ್ಲಿ ಬೆಂಗಳೂರಿಗೆ ಬಂದನು. ಆತನ ನೇತೃತ್ವದಲ್ಲಿ ನಮ್ಮ ತರುಣ ಯಂತ್ರಶಾಸ್ತ್ರಜ್ಞರು ಕೆಲಸಕ್ಕೆ ತೊಡಗಿದರು.

ಲೋಹದ ವಿಮಾನಕ್ಕೆ ಮೊದಲು ಅವರು ಅದರ ಪೂರ್ಣಪ್ರಮಾಣದ ಒಂದು ಆಕಾರವನ್ನು ಮರದಲ್ಲಿ ಕಟ್ಟಿದರು. ಎಂಜಿನ್ನಿಲ್ಲ, ಇನ್ನೊಂದು ವಿಮಾನ ಹಗ್ಗದಿಂದ ಎಳೆದೊಯ್ದು ಮೇಲೆ ಬಿಟ್ಟರೆ ಅದು ಗಾಳಿಯಲ್ಲಿ ತೇಲುತ್ತ ಇಳಿಯಬೇಕು. ೧೯೫೯ರ ಏಪ್ರಿಲ್‌ನಲ್ಲಿ ಡಕೋಟ ವಿಮಾನವು ಅದನ್ನು ಮೇಲಕ್ಕೊಯ್ದಿತು. ಎಪ್ಪತ್ತೆಂಟು ಸಲ ಅದು ಹಾರಿತು. ಕಡೆಗೆ ಇಳಿಯುವಾಗ ಮುಂಭಾಗದ ಗಾಲಿ ಹೊರಬಾರದೆ ಜಖಂ ಆಯಿತು. ಅಷ್ಟರಲ್ಲಿ ಅದು ಕಲಿಸಬೇಕಾದುದನ್ನು ಕಲಿಸಿದ್ದಿತು. ಒಂದಕ್ಕೆ ಒಂದು ಪ್ರಮಾಣದ ಪ್ರತಿಕೃತಿಯೆಂದರೆ ಇದೇ ಅಲ್ಲವೆ? ಬಡಗಿಯ ಕೈಯ ಮರವೇ ಲೋಹದ ಹಕ್ಕಿಗೆ ಗುರುವಾಯಿತು.

೧೯೬೧ನೆಯ ಇಸವಿ ಜೂನ್ ೧೭ರಂದು ನಿಜವಾದ ಮಾರುತವು ಬೆಂಗಳೂರಿನ ಆಕಾಶಕ್ಕೆ ಏರಿತು. ಅದನ್ನು ನಡೆಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸರು. ಮರದ ವಿಮಾನದಿಂದ ಲೋಹದ ವಿಮಾನಕ್ಕೆ ಕೇವಲ ಎರಡು ವರುಷ ಎರಡೂವರೆ ತಿಂಗಳು. ಅದು ಯಾವ ದೇಶಕ್ಕಾದರೂ ಹೆಮ್ಮೆಯೇ. ಆದರೆ ವಿಮಾನಕ್ಕೆ ತಕ್ಕ ಎಂಜಿನ್ನು ದೊರೆಯಲಿಲ್ಲ. ಶಿಲ್ಪಿ ಎಣಿಸಿದ್ದುದು ಸುಮಾರು ೩,೭೦೦ ಕಿಲೋಗ್ರಾಂ ತಳ್ಳುಬಲವುಳ್ಳ ಬ್ರಿಟಿಷ್ ಆರ್ಫಿಯಸ್ ಎಂಜಿನ್ನನ್ನು. ಅದರ ಬೆಳವಣಿಗೆ ನಿಂತುಹೋಯಿತು. ಅದನ್ನು ಪೂರೈಸಲು ತಯಾರಕರು ಕೇಳಿದ ಹಣವನ್ನು ನಮ್ಮ ಸರ್ಕಾರ ಕೊಡಲಿಲ್ಲ. ಕಡೆಗೆ ದೊರೆತುದು ಸುಮಾರು ೨,೨೦೦ ಕಿಲೋಗ್ರಾಂ ಬಲದ ಆರ್ಫಿಯಸ್ ೭೦೩, ಅಂತಹವು ಎರಡು. ೧೯೬೭ರಲ್ಲಿ ಈಜಿಪ್ಟಿನಲ್ಲಿ ಒಂದು ಮಾರುತಕ್ಕೆ ಆ ದೇಶದ ಇ-೩೦೦ ಎಂಜಿನ್ನನ್ನು ಜೋಡಿಸಿ ಹಾರಿಸಿದರು. ಆ ಪ್ರಯತ್ನವೂ ಮುಂದುವರಿಯಲಿಲ್ಲ. ಬಲವನ್ನು ಹೆಚ್ಚಿಸುವ ಇನ್ನೊಂದು ಪ್ರಯತ್ನದ ವಿಮಾನವನ್ನು ನಡೆಸುತ್ತಿದ್ದಾಗಲೇ, ೧೯೭೦ನೆಯ ಇಸವಿ ಜನವರಿ ೧೦ರಂದು, ಸುರಂಜನ್ ದಾಸರು ಬೆಂಗಳೂರಿನಲ್ಲಿ ಪ್ರಾಣವನ್ನು ತೆತ್ತರು. ಕಾರ್ಖಾನೆಯ ಸಮೀಪದ ರಸ್ತೆಯೊಂದು ಅವರ ಹೆಸರನ್ನು ಧರಿಸಿದೆ. ಅಲ್ಲಿ ಓಡಾಡುವವರಲ್ಲಿ ಎಷ್ಟುಮಂದಿಗೆ ಆ ಹೆಸರು ಯಾರದೆಂದು ತಿಳಿದಿದೆಯೊ!

ಒಟ್ಟು ೧೪೭ ಮಾರುತಗಳು ನಿರ್ಮಿತವಾದುವು. ೧೯೭೧ರ ಡಿಸೆಂಬರ್ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ದುಡಿದುವು. ನೆಲದ ಗುಂಡುಗಳಿಗೆ ಕೆಲವು ಬಲಿಯಾದುವು. ಆಕಾಶಯುದ್ಧದಲ್ಲಿ ಒಂದೂ ಬೀಳಲಿಲ್ಲ. ಒಂದು ಎಂಜಿನ್ನು ಏಟು ತಿಂದು ನಿಂತರೂ ಇನ್ನೊಂದರ ಬಲದಿಂದ ನೆಲೆಗೆ ಹಿಂತಿರುಗಿದ ಸಂದರ್ಭಗಳೂ ಉಂಟು. ೧೯೯೦ರ ವೇಳೆಗೆ ಅವು ಸೇವೆಯಿಂದ ನಿವೃತ್ತವಾದುವು.

೫

ಈ ಚರಿತ್ರೆಯನ್ನು ನಾನು ಪುಸ್ತಕದಲ್ಲಿ ಮೊದಲೇ ಓದಿದ್ದೆನಾದರೂ, ಅದರ ಅರ್ಥ ಹೃದ್ಗತವಾದುದು ಪ್ರತಿಕೃತಿಯನ್ನು ಎರಡನೆಯ ಸಲ ಕಟ್ಟುವಾಗ. ಅದನ್ನು ಸ್ವಲ್ಪ ವಿವರಿಸುವೆನು.

ಮಾರುತದ ಉದ್ದ ೧೫.೮೭ ಮೀಟರು, ರೆಕ್ಕೆಯ ತುದಿಯಿಂದ ತುದಿಗೆ ೯ ಮೀಟರು. ಎಪ್ಪತ್ತೆರಡರಿಂದ ಭಾಗಿಸಿದರೆ ೨೨ ಸೆಂಟಿಮೀಟರು ಉದ್ದ, ೧೨.೫ ಸೆಂಟಿಮೀಟರು ಅಗಲ. ಬಿಡಿಭಾಗಗಳನ್ನು ಅಚ್ಚಿನ ಕಡ್ಡಿಗಳಿಂದ ಕತ್ತರಿಸಿ, ಅರದಿಂದ ಉಜ್ಜಿ, ಒಡಲಿನ ಎರಡು ಪಾರ್ಶ್ವಗಳನ್ನು ಕೂಡಿಸಬೇಕು. ಕೂಡಿದೆಡೆ ಉಳಿಯುವ ಬಿರುಕಿಗೆ ಪುಟ್ಟಿಯನ್ನು ತುಂಬಿ, ಒಣಗಿದ ಮೇಲೆ ಮರಳುಕಾಗದದಿಂದ ನಯಮಾಡಬೇಕು. ಇಲ್ಲಿ ಅವಸರ ಸಲ್ಲದು. ಬಣ್ಣವು ದೋಷವನ್ನು ಮುಚ್ಚುವುದೆಂದು ಹೊಸಬರು ಭಾವಿಸುವರು. ವಾಸ್ತವವಾಗಿ ಅದು ದೋಷವನ್ನು ಎತ್ತಿ ತೋರಿಸುವುದು.

ಪ್ರಮಾಣದ ಲೆಕ್ಕ ಎಷ್ಟು ನಿರ್ದಯವೆಂಬುದನ್ನು ನೋಡಿರಿ. ಬಣ್ಣವು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ದಪ್ಪವಾದರೆ, ನಿಜವಾದ ವಿಮಾನದ ಮೇಲೆ ಏಳು ಮಿಲಿಮೀಟರಿಗೂ ಮಿಕ್ಕ ಗಾರೆಯನ್ನು ಮೆತ್ತಿದಂತೆ. ಅರ್ಧ ಮಿಲಿಮೀಟರಿನ ಮರಳಿನ ಕಣವು ಒಂದು ನಿಂಬೆಯಷ್ಟು ಗಾತ್ರದ ಕಲ್ಲಾಗುವುದು. ಹೊಳೆಯ ಮರಳನ್ನು ತಂದು ಹರಡಿದರೆ ಅದು ನೆಲವಾಗದೆ ಕಲ್ಲುಗಣಿಯಾಗುವುದು. ಆದುದರಿಂದ ನೆಲಕ್ಕೆ ಜರಡಿ ಹಿಡಿದ ಧೂಳೇ ಬೇಕು. ಬಣ್ಣವನ್ನು ನೀರಿನಂತೆ ತೆಳುಮಾಡಿ, ಗಾಳಿಯಿಂದ ಚಿಮುಕಿಸುವ ಏರ್‌ಬ್ರಷ್ಷಿನಿಂದ ಅನೇಕ ಸಲ ಹಿಡಿಸಬೇಕು. ಅಷ್ಟೇ ಅಲ್ಲ. ಅರ್ಧ ಮೀಟರು ದೂರದಿಂದ ಪ್ರತಿಕೃತಿಯನ್ನು ನೋಡುವುದೆಂದರೆ ನಿಜವಾದ ವಿಮಾನವನ್ನು ಮೂವತ್ತಾರು ಮೀಟರು ದೂರದಿಂದ ನೋಡಿದಂತೆ. ಅಷ್ಟು ದೂರದಲ್ಲಿ ಗಾಳಿಯ ಮಬ್ಬು ಬಣ್ಣವನ್ನು ತಿಳಿಯಾಗಿಸುವುದು. ಆದುದರಿಂದ ಬಲ್ಲವರು ಬಣ್ಣಕ್ಕೆ ತುಸು ಬಿಳಿಯನ್ನು ಬೆರಸುವರು.

ಬಣ್ಣವಾದ ಮೇಲೆ ಹೊಳಪಿನ ವಾರ್ನಿಷ್. ಅದರ ಮೇಲೆ ಕೇಸರಿ ಬಿಳಿ ಹಸುರಿನ ಚಕ್ರಲಾಂಛನವನ್ನು ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವುದು. ಬಳಿಕ ತಗಡುಗಳ ಸಂದಿನ ಗೆರೆಗಳಿಗೆ ತೆಳ್ಳನೆಯ ಕಪ್ಪುನೀರನ್ನು ಹರಿಯಿಸಿ ಒರಸುವುದು; ಕಡೆಗೆ ಹೊಳಪನ್ನು ಅಡಗಿಸುವ ಮಂದ ವಾರ್ನಿಷ್. ಮೂತಿಯಲ್ಲಿರುವ ಮೂವತ್ತು ಮಿಲಿಮೀಟರಿನ ನಾಲ್ಕು ತುಪಾಕಿಗಳ ಬಾಯಿ ಈ ಪ್ರಮಾಣದಲ್ಲಿ ಅರ್ಧ ಮಿಲಿಮೀಟರೂ ಇಲ್ಲ. ಸೂಜಿಯ ಮೊನೆಯಿಂದ ಚುಚ್ಚಬೇಕು. ಯುದ್ಧಕಾಲದ ವಿಮಾನವಾದರೆ ಅಲ್ಲಿ ಮಸಿಯ ಗುರುತಿರಬೇಕು. ಮೊದಲ ದಿನದ ವಿಮಾನವಾದರೆ ಇರಕೂಡದು.

ಇನ್ನು ಮುಖ್ಯವಾದ ಮಾತು. ಮಾರುತದ ಪಾರ್ಶ್ವಗಳಲ್ಲಿ ಗಾಳಿಯನ್ನು ಒಳಗೆಳೆಯುವ ಎರಡು ಬಾಯಿಗಳಿವೆ. ಅವುಗಳಲ್ಲಿ ಶಂಕುವನ್ನು ಸೀಳಿದಂತಹ ಅರ್ಧಾಕಾರಗಳು ಮುಂದಕ್ಕೆ ಚಾಚಿರುವುವು. ಶಬ್ದವನ್ನು ಮೀರಿದ ವೇಗದಲ್ಲಿ ಒಳನುಗ್ಗುವ ಗಾಳಿಯನ್ನು ಪಳಗಿಸಲೆಂದು ಇಟ್ಟ ಏರ್ಪಾಟು ಅದು. ಬಾಲದ ತುದಿಯಲ್ಲಿ ಎರಡು ಚಿಕ್ಕ ಕೊಳವೆಗಳು. ದೊರೆತ ಎಂಜಿನ್ನುಗಳ ಹೊಗೆ ಹೊರಹೋಗುವ ದಾರಿಗಳು. ಮೊದಲನೆಯ ಸಲ ಇವನ್ನು ಭಾಗ ಸಂಖ್ಯೆ ಇಂತಿಷ್ಟು ಎಂದು ಅಂಟಿಸಿದ್ದೆನು. ಎರಡನೆಯ ಸಲ ಕೈ ತಾನಾಗಿ ನಿಂತಿತು. ಮುಂದಿನ ಬಾಯಿಗಳು ನಾವು ಬಯಸಿದುದನ್ನು ಹೇಳುತ್ತವೆ. ಹಿಂದಿನ ಕೊಳವೆಗಳು ನಮಗೆ ದೊರೆತುದನ್ನು ಹೇಳುತ್ತವೆ. ಇಮ್ಮಡಿ ವೇಗಕ್ಕೆಂದು ಹುಟ್ಟಿದ ಈ ವಿಮಾನ ಜೀವಮಾನವೆಲ್ಲ ಶಬ್ದವೇಗದ ಆಸುಪಾಸಿನಲ್ಲಿಯೇ ಕಳೆದುದಕ್ಕೆ ಕಾರಣ ಈ ಇಪ್ಪತ್ತೆರಡು ಸೆಂಟಿಮೀಟರುಗಳ ಎರಡು ಕೊನೆಗಳಲ್ಲಿಯೇ ಇದೆ. ಮಾರುತವನ್ನು ಸೋಲೆಂದು ಹಳಿಯುವವರೂ ಗೆಲವೆಂದು ಹೊಗಳುವವರೂ ಒಂದೊಂದು ಕೊನೆಯನ್ನು ಮಾತ್ರ ನೋಡಿದವರು. ಪ್ರತಿಕೃತಿಕಾರನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಎರಡನ್ನೂ ಅಂಟಿಸಬೇಕು.

೬

ಉಳಿದುದು ಆ ಹಿರಿಯರ ಪ್ರಶ್ನೆ: ಯಾವ ವರುಷದ್ದು? ಇನ್ನೂ ಬಿಗಿಯಾಗಿ ಹೇಳಬೇಕಾದರೆ, ಯಾವ ದಿನದ್ದು?

೧೯೭೧ರ ಯುದ್ಧದ ದೃಶ್ಯವನ್ನು ರಚಿಸಬೇಕೆಂದು ಮೊದಲು ಅನ್ನಿಸಿತು. ಲೋಂಗೇವಾಲದ ಮರಳಿನಲ್ಲಿ ಉರಿಯುವ ಟ್ಯಾಂಕುಗಳು, ಮೇಲೆ ಮಾರುತ: ನೋಡುವವರಿಗೆ ರಮಣೀಯವೇ. ಆದರೆ ಅಲ್ಲಿ ಟ್ಯಾಂಕುಗಳನ್ನು ಧ್ವಂಸಮಾಡಿದ ಕಾರ್ಯದಲ್ಲಿ ಮುಖ್ಯವಾದ ಪಾಲು ಜೈಸಲ್ಮೇರಿನಿಂದ ಹಾರಿದ ಹಂಟರ್ ವಿಮಾನಗಳದು. ನಮ್ಮೂರಿನ ವಿಮಾನವೆಂಬ ಅಭಿಮಾನದಿಂದ ಹಂಟರುಗಳನ್ನು ಸರಿಸಿ ಮಾರುತವನ್ನು ನಿಲ್ಲಿಸಿದರೆ, ಸೈಬೋರ್ನನಿಂದ ಪ್ರಷ್ಯನರನ್ನು ತೆಗೆಯಿಸಿದವರಿಗೂ ನನಗೂ ಏನು ಭೇದ?

ಕಡೆಗೆ ನಾನು ಆ ಹಿರಿಯರ ಮನೆಗೇ ಹೋದೆನು. ೧೯೬೧ರ ಆ ಜೂನ್ ದಿನ ಅವರು ಕಾರ್ಖಾನೆಗೆ ಹೊಸದಾಗಿ ಸೇರಿದ ಹುಡುಗ. "ತಾವು ಏನು ಕಂಡಿರಿ?" ಎಂದು ಕೇಳಿದೆನು. "ಏನು ಕಾಣುವುದು ಸ್ವಾಮಿ! ಶೆಡ್ಡಿನ ಬಾಗಿಲಲ್ಲಿ ನಾವೊಂದಷ್ಟು ಮಂದಿ ಒಬ್ಬರ ಹೆಗಲ ಮೇಲೊಬ್ಬರು ಎಗರಿ ನೋಡಿದೆವು. ಮೇಲೆ ಹೋದದ್ದು ಕಂಡಿತು. ಇಳಿಯುವವರೆಗೆ ಯಾರೂ ಮಾತನಾಡಲಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: "ಪುಸ್ತಕದಲ್ಲಿ ಟಾಂಕ್ ಸಾಹೇಬರಿದ್ದಾರೆ, ದಾಸ್ ಸಾಹೇಬರಿದ್ದಾರೆ. ಇರಲೇಬೇಕು. ನೀವು ಗೊಂಬೆ ಇಡುವುದಾದರೆ ಬಾಗಿಲಲ್ಲಿ ನಮ್ಮನ್ನೂ ನಾಲ್ಕು ಜನ ನಿಲ್ಲಿಸಿ."

ಹಸುರು ಬಣ್ಣವನ್ನು ಕರಗಿಸಿ ತೆಗೆದೆನು. ಮರೆವೇಷವಿಲ್ಲದ, ತಿಳಿಯಾದ ಬಣ್ಣವನ್ನು, ಅಂದಿನ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಹಿಡಿಸಿದೆನು. ಇಂತಹ ತಿಳಿಬಣ್ಣದಲ್ಲಿ ಪ್ರತಿಯೊಂದು ಗೀರೂ ಕಾಣುವುದು. ಆದುದರಿಂದ ಉಜ್ಜುವ ಕೆಲಸವೇ ಇಪ್ಪತ್ತು ಸಂಜೆಗಳಾಯಿತು. ವಿಮಾನವನ್ನು ಆಕಾಶದಲ್ಲಿ ತೂಗುಹಾಕಲಿಲ್ಲ. ಹಾರುವುದಕ್ಕೆ ಮುಂಚೆ ನೆಲದ ಮೇಲೆ ನಿಂತಂತೆ ಇರಿಸಿದೆನು. ಹಿಂದೆ ಶೆಡ್ಡಿನ ಬಾಗಿಲು. ಅದರ ನೆರಳಿನಲ್ಲಿ, ಒಂದು ಅಂಗುಲವೂ ಎತ್ತರವಿಲ್ಲದ ನಾಲ್ಕು ಆಳುಗಳು. ಒಬ್ಬನ ಕೈ ಇನ್ನೊಬ್ಬನ ಹೆಗಲ ಮೇಲೆ. ಹಲಗೆಯ ಮೇಲೆ ಬರೆದುದು ಇಷ್ಟು: 'ಬೆಂಗಳೂರು, ೧೭ ಜೂನ್ ೧೯೬೧. ವಿಮಾನವು ಛಾಯಾಚಿತ್ರಗಳ ಆಧಾರದಿಂದ; ಬಾಗಿಲಲ್ಲಿ ನಿಂತವರು, ಅಲ್ಲಿ ನಿಂತಿದ್ದವರೊಬ್ಬರ ಮಾತಿನಿಂದ.'

ಚರಿತ್ರೆಗೆ ಎರಡು ಬಗೆಯ ಸಾಕ್ಷ್ಯಗಳುಂಟು, ಅವನ್ನು ಬೆರಸಬಾರದು, ಎರಡನ್ನೂ ಬಿಡಬಾರದು ಎಂಬುದನ್ನು ನನಗೆ ಯಾವ ಗ್ರಂಥಕ್ಕಿಂತಲೂ ಚೆನ್ನಾಗಿ ಕಲಿಸಿದುದು ಈ ಗೇಣುದ್ದದ ವಿಮಾನ. ನಿಜವಾದ ಮಾರುತಗಳು ಬೆಂಗಳೂರಿನ ವಿಮಾನ ವಸ್ತುಸಂಗ್ರಹಾಲಯದಲ್ಲಿಯೂ ದೆಹಲಿಯ ಪಾಲಂನಲ್ಲಿಯೂ ನಿಂತಿವೆ. ಅವುಗಳ ಸುತ್ತ ಮನುಷ್ಯರಿಲ್ಲ. ಅವುಗಳನ್ನು ಕಟ್ಟಿದ ಕೈಗಳು ವರುಷವರುಷಕ್ಕೆ ಕಡಮೆಯಾಗುತ್ತಿವೆ. ಅಂತಹವರು ನಮ್ಮ ನಮ್ಮ ಬೀದಿಗಳಲ್ಲಿ ಇನ್ನೂ ಇರುವಾಗಲೇ ಹೋಗಿ ಕೇಳಿಕೊಳ್ಳುವುದು ಲೇಸು.

ಕಳೆದ ನವರಾತ್ರಿಗೆ ಆ ಹಿರಿಯರು ಮೊಮ್ಮಗಳ ಕೈ ಹಿಡಿದುಕೊಂಡು ಮತ್ತೆ ಬಂದರು. ಈ ಸಲ ವಿಮಾನವನ್ನು ಹೆಚ್ಚು ಹೊತ್ತು ನೋಡಲಿಲ್ಲ. ಬಾಗಿದವರು ಬಾಗಿಲ ಕಡೆಗೆ ಬೆರಳು ತೋರಿಸಿ, "ಎಡಗಡೆಯಿಂದ ಎರಡನೆಯವನು ನಾನು" ಎಂದು ಆ ಹುಡುಗಿಗೆ ಹೇಳಿದರು.